ಪದಚರ್ಚೆ: ಎಲ್ಲಾ ಬೋರ್ಡಿಗೂ ‘ಪವಿತ್ರ’ ಅಂತಲೇ ಬರೆಯೋದಾ? (ಸಂಜೆ ಐದರೊಳಗೆ ಬೇಕು)

ಧಾರವಾಡ, ಬೆಳಿಗ್ಗೆ 9:40

ನಮ್ಮ ಮೇಲ್ ಪಟ್ಟಿಯ ಎಲ್ಲರಿಗೂ ನಮಸ್ಕಾರ. ಅವಸರದ ಕೆಲಸ, ನೇರವಾಗಿ ಕೇಳುತ್ತೇನೆ.

ಒಂದು ಫೋಟೋ ಪ್ರದರ್ಶನಕ್ಕೆ ಬೋರ್ಡು ಬರೆದುಕೊಡುತ್ತಿದ್ದೇನೆ. ಇವತ್ತಿನ ಹಿಂದೂಗಳಿಗೆ ‘ಸೇಕ್ರೆಡ್’ ಯಾವುದು ಅನ್ನೋದು ವಿಷಯ. ಮೂಲ ಇಂಗ್ಲಿಷಿನಲ್ಲಿದೆ. ಎಂಟು ಫೋಟೋ ಇವೆ. ಗಂಗಾ ನದಿ, ಆಕಳು, ಬಿಲ್ವದ ಎಲೆ, ಜನಿವಾರ, ವಿಭೂತಿ, ಗೀತೆ, ಕಾಶಿ, ಮತ್ತೆ ನಮ್ಮ ಕಡೆಯದೊಂದು ಇರಲಿ ಅಂತ ದೇವರಗುಡ್ಡದ ಅರಿಶಿನ. ಎಂಟಕ್ಕೂ ಇಂಗ್ಲಿಷಿನಲ್ಲಿ ಅದೊಂದೇ ಪದ. ಒಂಬತ್ತನೆಯದು ಫೋಟೋ ಅಲ್ಲ. ಅಂಗಳದಲ್ಲಿ ಒಂದು ಬನ್ನಿ ಗಿಡ ಇದೆ, ಸುತ್ತ ಕಟ್ಟಿ ಕಟ್ಟಿದ್ದಾರೆ. ಜನ ಚಪ್ಪಲಿ ಹಾಕಿಕೊಂಡು ಹತ್ತಬಾರದು ಅಂತ ಅಲ್ಲೊಂದು ಫಲಕ ಬೇಕು.

ನಾನು ಸುಮ್ನೆ ಒಂಬತ್ತೂ ಕಡೆ ‘ಪವಿತ್ರ’ ಹಾಕಿ, ನಿನ್ನೆ ಸಂಜೆ ಹುಬ್ಬಳ್ಳಿಯ ಫ್ಲೆಕ್ಸ್ ಅಂಗಡಿಗೆ ಹೋಗಿ ಪೆನ್‌ಡ್ರೈವ್ ಕೊಟ್ಟೆ. ಹುಡುಗ ಒಂದೊಂದೇ ತೆರೆದು ನೋಡಿದ. ಪವಿತ್ರ ನದಿ. ಪವಿತ್ರ ಆಕಳು. ಪವಿತ್ರ ದಾರ. ಪವಿತ್ರ ಬೂದಿ. ಅಲ್ಲಿಗೆ ಮೌಸ್ ಬಿಟ್ಟು ನನ್ನ ಕಡೆ ತಿರುಗಿದ. “ಅಕ್ಕಾರ, ಈ ಪವಿತ್ರಾ ಅಂದ್ರ ಯಾರ್ರೀ? ಎಲ್ಲಾ ಆಕೀದ ಐತಲ್ಲ.”

ನಗು ಬಂತು, ಆದರೆ ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಇವತ್ತು ಸಂಜೆ ಐದಕ್ಕೆ ಪ್ರಿಂಟ್ ಹಾಕುತ್ತಾನೆ. ಒಳ್ಳೆಯ ಪದ ಇದ್ದರೆ ಕೊಡಿ. ಪುಣ್ಯ, ಪಾವನ, ಪೂಜ್ಯ ಎಲ್ಲಾ ಇಟ್ಟು ನೋಡಿದ್ದೇನೆ. ‘ಪೂಜ್ಯ ಆಕಳು’ ಅಂದರೆ ಯಾರೋ ಸ್ವಾಮಿಗಳನ್ನು ಕರೆದ ಹಾಗಿದೆ.

ಗದಗ, 10:15

‘ಪವಿತ್ರ’ಕ್ಕೆ ಬದಲಿ ಪದ ಹುಡುಕುವ ಮೊದಲು ಆ ಪದ ಏನು ಅಂತ ನೋಡಬೇಕಿತ್ತು. ಧಾತು ಪೂ, ಮುಂದೆ ಇತ್ರ. ಅಗೆಯುವುದಕ್ಕೆ ಖನಿತ್ರ, ಕೊಯ್ಯುವುದಕ್ಕೆ ಲವಿತ್ರ, ಶುದ್ಧ ಮಾಡುವುದಕ್ಕೆ ಪವಿತ್ರ. ಅಂದರೆ ಅದು ಉಪಕರಣ. ಋಗ್ವೇದದಲ್ಲಿ ಸೋಮರಸ ಸೋಸುವ ಕುರಿಯುಣ್ಣೆಯ ಜರಡಿಗೆ ಪವಿತ್ರ ಅಂತ ಹೆಸರು. ಇವತ್ತಿಗೂ ಶ್ರಾದ್ಧಕ್ಕೆ ಕೂತವರು ಉಂಗುರದ ಬೆರಳಿಗೆ ಹಾಕಿಕೊಳ್ಳುವ ದರ್ಭೆಯ ಸುತ್ತು ಪವಿತ್ರವೇ. ಕೆಲಸ ಮುಗಿದ ಮೇಲೆ ಅದರ ಗಂಟು ಬಿಚ್ಚಿ ಹಾಕುತ್ತಾರೆ, ಯಾರೂ ಗೂಡಿನಲ್ಲಿಟ್ಟು ಪೂಜೆ ಮಾಡುವುದಿಲ್ಲ. ಗೀತೆಯ 4ನೇ ಅಧ್ಯಾಯ 38ನೇ ಶ್ಲೋಕದಲ್ಲಿ ಜ್ಞಾನವನ್ನು ಪವಿತ್ರ ಅಂದಾಗಲೂ ಅದು ‘ಶುದ್ಧಿ ಮಾಡುವಂಥದ್ದು’ ಅನ್ನೋ ಅರ್ಥದ ನಾಮಪದ.

ಹಾಗಾಗಿ ‘ಪವಿತ್ರ ಆಕಳು’ ಅಂದರೆ ಜರಡಿ ಆಕಳು. ಪಂಚಗವ್ಯದ ಲೆಕ್ಕ ಹಿಡಿದರೆ ಅದೂ ನಡೆಯುತ್ತದೆ, ಆದರೆ ಇಂಗ್ಲಿಷಿನವರು ಹೇಳುತ್ತಿರುವುದು ಅದಲ್ಲ. ವಿಶೇಷಣವನ್ನು ಇಷ್ಟು ಸಡಿಲವಾಗಿ ಹಚ್ಚುವ ಚಾಳಿ ಪತ್ರಿಕೆಗಳಿಂದ ಬಂದದ್ದು. ಅದಕ್ಕೂ ಮೊದಲು ಬೈಬಲ್ ಅನುವಾದ ಇದೆ, ಪವಿತ್ರಾತ್ಮ ನೋಡಿ.

ಹುಬ್ಬಳ್ಳಿ, 10:50

ಕನ್ನಡದ ಪದ ಕೇಳಿದರೆ ಸಂಸ್ಕೃತದ ಪಾಠ ಬಂತು. ಈ ಪಟ್ಟಿಯಲ್ಲಿ ಇದೇ ಆಯಿತು.

ಮೇಡಂ, ನಮ್ಮದೇ ಪದ ಇದೆ. ಮೀಸಲು. ಆಕಳು ಕರು ಹಾಕಿದ ಮೇಲೆ ಮೊದಲು ಕಡೆದ ಬೆಣ್ಣೆಯನ್ನು ದೇವರಿಗೆ ಅಂತ ಎತ್ತಿಡುತ್ತಾರಲ್ಲ, ಅದು ಮೀಸಲು ಬೆಣ್ಣೆ. ಮನೆ ಮಕ್ಕಳೂ ಬೆರಳು ಅದ್ದುವ ಹಾಗಿಲ್ಲ. ಇಂಗ್ಲಿಷಿನ ಪದದ ಒಳಗಿರುವುದೂ ಅದೇ, ಬೇರೆ ತೆಗೆದಿಟ್ಟದ್ದು ಅಂತ. ಮೀಸಲು ನದಿ, ಮೀಸಲು ಆಕಳು, ಮೀಸಲು ಗಿಡ. ಕಿವಿಗೆ ಹೊಸದು, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ಅದು ಬೇಡ ಅಂದರೆ ಮಡಿ ಇದೆ. ಮುಡಿಪು ಇದೆ. ಹಾಗೇ ಬೋರ್ಡಿನಲ್ಲಿ ಎಲ್ಲಾದರೂ ‘ದೇವಸ್ಥಾನ’ ಇದ್ದರೆ ‘ದೇಗುಲ’ ಮಾಡಿ. ಅಚ್ಚಗನ್ನಡ.

ಗದಗ, 11:05

ದೇಗುಲ = ದೇವಕುಲ.
ಜಾತ್ರೆ = ಯಾತ್ರಾ.
ಜನಿವಾರದಲ್ಲಿರುವ ಜನ್ನ = ಯಜ್ಞ.
ಅಚ್ಚಗನ್ನಡ ಇನ್ನೂ ಇದ್ದರೆ ಕಳಿಸಿ.

‘ಮೀಸಲು ಗಿಡ’ ಅಂತ ಹಾಕಿ ನೋಡಿ. ಮೀಸಲು ಅರಣ್ಯ ಅನ್ನೋದು ಅರಣ್ಯ ಇಲಾಖೆಯ ಮಾತಾಗಿ ಎಷ್ಟೋ ಕಾಲವಾಯಿತು. ನಾನಿರುವುದು ಕಪ್ಪತಗುಡ್ಡದ ಮಗ್ಗುಲಿಗೆ. ಗುಡ್ಡದ ಮೇಲೆ ಕಪ್ಪತಮಲ್ಲೇಶ್ವರನ ಗುಡಿ, ಕೆಳಗೆ ಇಲಾಖೆಯ ಗೇಟು. 2019ರಲ್ಲಿ ವನ್ಯಜೀವಿ ಧಾಮ ಆಯಿತು. ನಮ್ಮ ಜನಕ್ಕೆ ‘ಮೀಸಲು’ ಕಂಡರೆ ಕೈ ಮುಗಿಯುವ ಮನಸ್ಸು ಬರುವುದಿಲ್ಲ. ದಂಡ ಎಷ್ಟು ಅಂತ ಕೇಳುತ್ತಾರೆ. ಹುಡುಗರಿಗಂತೂ ಕಾಲೇಜು ಸೀಟು ನೆನಪಾಗುತ್ತದೆ.

ಹಾವೇರಿ, 11:40

ಎರಡು ಮಾತು. ಮೊದಲನೆಯದು ಮುಖ್ಯ.

‘ಮಡಿ’ ಬೇಡ. ಒಗೆದ ಬಟ್ಟೆ ಮಡಿ, ಅದನ್ನು ಒಗೆದವನು ಮಡಿವಾಳ. ಪದದ ಹುಟ್ಟು ಚಂದವೇ ಇದೆ, ಮಡಿವಾಳ ಮಾಚಿದೇವರ ಹೆಸರೂ ಅದರ ಜೊತೆಗಿದೆ. ಆದರೆ ನಮ್ಮ ಅಜ್ಜಿ ಆ ಪದ ಕೇಳಿದ್ದು ಬಾವಿಕಟ್ಟೆಯ ಹತ್ತಿರ, ಒಂದೇ ಅರ್ಥದಲ್ಲಿ. ‘ದೂರ ನಿಲ್ಲು.’ ಆಕೆ ಕೊಡ ಕೆಳಗಿಟ್ಟು ನಿಲ್ಲುತ್ತಿದ್ದಳು, ಮೇಲಿಂದ ಯಾರಾದರೂ ಸುರಿದರೆ ನೀರು. ನಿಘಂಟಿನಲ್ಲಿ ಆ ಅರ್ಥ ಎಷ್ಟನೆಯ ಸಾಲಿನಲ್ಲಿದೆಯೋ, ನಮ್ಮ ಓಣಿಯಲ್ಲಿ ಅದೇ ಮೊದಲನೆಯದು. ಸಾರ್ವಜನಿಕ ಜಾಗದ ಬೋರ್ಡಿಗೆ ಅದು ಬರಬಾರದು.

ಎರಡನೆಯದು. ಅಕ್ಕಾರ, ನಿಮಗೆ ವಿಶೇಷಣವೇ ಬೇಕಿಲ್ಲ. ದೇವರಗುಡ್ಡದ ಅರಿಶಿನವನ್ನು ಯಾರು ಅರಿಶಿನ ಅನ್ನುತ್ತಾರೆ? ರಾಣೆಬೆನ್ನೂರು ತಾಲ್ಲೂಕಿನಲ್ಲಿ ಯಾವ ಮಗುವನ್ನು ಕೇಳಿದರೂ ಭಂಡಾರ ಅನ್ನುತ್ತದೆ. ಅಂಗಡಿಯಲ್ಲಿ ತೂಗುವಾಗ ಅರಿಶಿನ. ಮಾಲತೇಶನ ಮುಂದೆ ತೂರಿದಾಗ ಭಂಡಾರ. ಅಲ್ಲಿ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಪಕ್ಕದವನು ಯಾರು ಅಂತ ನೋಡದೆ ಅವನ ಹಣೆಗೆ ಬಳಿಯುತ್ತಾರೆ, ‘ಏಳು ಕೋಟಿ’ ಅಂತ ಕೂಗುತ್ತಾರೆ. ನಾನು ಹೋಗಿ ಬಂದ ಮೇಲೆ ಅಂಗಿಯ ಕಾಲರು ಮೂರು ಸಲ ಒಗೆದರೂ ಹಳದಿಯೇ ಇರುತ್ತದೆ. ಹೆಂಡತಿ ಬೈಯುತ್ತಾಳೆ, ಆದರೆ ಆ ನೀರನ್ನು ಬಚ್ಚಲಿಗೆ ಚೆಲ್ಲುವುದಿಲ್ಲ, ಗಿಡಕ್ಕೆ ಹಾಕುತ್ತಾಳೆ.

ಉಳಿದವೂ ಹಾಗೇ. ಬೂದಿ ಬೇರೆ, ವಿಭೂತಿ ಬೇರೆ. ಎಲೆ ಬೇರೆ, ಪತ್ರಿ ಬೇರೆ. ನೀರು ಬೇರೆ, ತೀರ್ಥ ಬೇರೆ. ಅನ್ನ ಬೇರೆ, ಪ್ರಸಾದ ಬೇರೆ. ಹೆಸರು ಬದಲಾದ ಕೂಡಲೇ ಕೈಗೆ ಗೊತ್ತಾಗುತ್ತದೆ. ತೀರ್ಥ ಅಂದರೆ ಬಲಗೈ ತಾನೇ ಬೊಗಸೆಯಾಗುತ್ತದೆ. ‘ಪವಿತ್ರ ವಿಭೂತಿ’ ಅನ್ನೋದು ‘ಗೇಟ್ ಬಾಗಿಲು’ ಅಂದ ಹಾಗೆ.

ಹುಬ್ಬಳ್ಳಿ, 11:52

ಭಂಡಾರ, ವಿಭೂತಿ, ಪತ್ರಿ, ತೀರ್ಥ, ಪ್ರಸಾದ. ಐದೂ ಸಂಸ್ಕೃತ. ಧನ್ಯವಾದ.

ಗದಗ, 12:05

ಹೌದು, ಆದರೆ ಯಾವುದೂ ಅಲ್ಲಿಯ ಅರ್ಥದಲ್ಲಿ ಉಳಿದಿಲ್ಲ. ತೀರ್ಥ ಅಂದರೆ ಹೊಳೆ ದಾಟುವ ಕಡವು. ವಿಭೂತಿ ಅಂದರೆ ಹಿರಿಮೆ, ಗೀತೆಯ 10ನೇ ಅಧ್ಯಾಯ ವಿಭೂತಿಯೋಗ, ಅದರಲ್ಲಿ ಎಲ್ಲೂ ಬೂದಿ ಇಲ್ಲ. ಪತ್ರ ಅಂದರೆ ಯಾವ ಎಲೆಯಾದರೂ ಆದೀತು. ನಮ್ಮಲ್ಲಿ ಪತ್ರಿ ಗಿಡ ಅಂದರೆ ಬಿಲ್ವ ಒಂದೇ. ಹಾವೇರಿಯವರು ಹೇಳಿದ್ದು ಸರಿ. ನಾನು ಇದನ್ನು ಸುಲಭಕ್ಕೆ ಹೇಳುವವನಲ್ಲ.

ಹಾವೇರಿ, 12:20

ಹುಬ್ಬಳ್ಳಿಯವರಿಗೆ: ಸರ್, ಒಂದು ಸಲ ಸವಣೂರಿಗೆ ಬನ್ನಿ. ದೊಡ್ಡಹುಣಸೆ ಕಲ್ಮಠದಲ್ಲಿ ಆನೆ ಗಾತ್ರದ ಮರಗಳಿವೆ. ನಾಲ್ಕೈದು ಜನ ಕೈ ಕೈ ಹಿಡಿದರೂ ಬುಡ ತಬ್ಬುವುದಕ್ಕೆ ಸಾಲದು. ಅದು ಬಾವೊಬಾಬ್, ಆಫ್ರಿಕಾದ ಮರ. ಯಾರು ತಂದರೋ ಯಾವಾಗ ತಂದರೋ. ನಮ್ಮವರು ಕಾಯಿ ನೋಡಿದರು, ರುಚಿ ನೋಡಿದರು, ಹುಳಿ ಇತ್ತು, ‘ದೊಡ್ಡ ಹುಣಸೆ’ ಅಂದರು. ಕೃಷ್ಣನೇ ತಂದದ್ದು ಅಂತ ಕಥೆಯನ್ನೂ ಕಟ್ಟಿದರು. ಈಗ ಅದು ದೇವರ ಮರ. ಅಲ್ಲಿ ಕೈ ಮುಗಿದವರು ಯಾರೂ ‘ಇದು ನಮ್ಮ ಬೀಜವೇ?’ ಅಂತ ಕೇಳಲಿಲ್ಲ. ಪದವೂ ಅಷ್ಟೇ.

ಹುಬ್ಬಳ್ಳಿ, 12:31

ಮರಕ್ಕೆ ಕೊಟ್ಟ ಹೆಸರು ‘ದೊಡ್ಡ ಹುಣಸೆ’. ಎರಡೂ ಕನ್ನಡ. ಆಫ್ರಿಕಾದ ಹೆಸರು ತರಲಿಲ್ಲ. ನಾನು ಹೇಳುತ್ತಿರುವುದೂ ಅದೇ!

(ಇದಕ್ಕೆ ಮಾತ್ರ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಒಂದು ಗಂಟೆ ಪಟ್ಟಿ ತಣ್ಣಗಿತ್ತು. ಊಟದ ಹೊತ್ತೂ ಆಗಿತ್ತು ಅನ್ನಿ.)

ಧಾರವಾಡ, ಮಧ್ಯಾಹ್ನ 1:40

ಎಲ್ಲರಿಗೂ ಥ್ಯಾಂಕ್ಸ್. ಭಂಡಾರ, ವಿಭೂತಿ, ಪತ್ರಿ, ಜನಿವಾರ, ನಾಲ್ಕು ಮುಗಿದವು. ಬರೀ ಹೆಸರು, ಕೆಳಗೆ ಎರಡು ಸಾಲು ವಿವರ. ಕಾಶಿಗೆ ‘ಸುಕ್ಷೇತ್ರ’ ಹಾಕುತ್ತೇನೆ. ನಮ್ಮ ಕಡೆ ಬಸ್ಸಿನ ಬೋರ್ಡಿಗೂ ಜಾತ್ರೆಯ ಪತ್ರಿಕೆಗೂ ಅದೇ ಪದ ಅಲ್ವಾ, ಸುಕ್ಷೇತ್ರ ಉಳವಿ ಅನ್ನೋ ಹಾಗೆ.

ಗಂಗೆ ಸ್ವಲ್ಪ ತೊಡಕು. ಇಂಗ್ಲಿಷಿನಲ್ಲಿ 2017ರ ಸುದ್ದಿಯೂ ಇದೆ. ಆ ಮಾರ್ಚ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗೆ ಯಮುನೆ ಎರಡೂ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಗಳು ಅಂತ ಹೇಳಿತು, ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ‘ಪವಿತ್ರ ನದಿ’ಯಿಂದ ‘ವ್ಯಕ್ತಿ’ಗೆ ಹೇಗೆ ಬರಲಿ?

ಮತ್ತೆ ಆಕಳ ಬೋರ್ಡಿನ ಕೊನೆಯಲ್ಲಿ ಒಂದು ಚಾಟಿ ಇದೆ. ಯಾರೂ ಪ್ರಶ್ನೆ ಮಾಡಬಾರದ ವಿಷಯಕ್ಕೆ ಇಂಗ್ಲಿಷಿನವರು ‘ಸೇಕ್ರೆಡ್ ಕೌ’ ಅನ್ನುತ್ತಾರೆ ಅಂತ. ಇದನ್ನು ಕನ್ನಡದಲ್ಲಿ ‘ಪವಿತ್ರ ಗೋವು’ ಅಂತ ಬರೆದ ಲೇಖನ ನಾನು ಓದಿದ್ದೇನೆ. ಯಾರಿಗೆ ಏನು ತಿಳಿದಿರುತ್ತದೋ. ಆ ಸಾಲು ಬಿಟ್ಟುಬಿಡಲಾ?

ಎಲ್ಲಕ್ಕಿಂತ ಕಷ್ಟ ತಲೆಬರಹ. ‘ಹಿಂದೂಗಳು ಇಂದು ಪವಿತ್ರವೆಂದು ಭಾವಿಸುವುದು’ ಅಂತ ಇಟ್ಟಿದ್ದೇನೆ. ಪರೀಕ್ಷೆಯ ಪ್ರಶ್ನೆಯ ಹಾಗಿದೆ.

ಗದಗ, 1:55

ಆಕಳ ಸಾಲು ಬಿಡಿ. ನುಡಿಗಟ್ಟನ್ನು ಹೊತ್ತು ತರಬಾರದು. ಗಂಗೆಗೆ ಪುಣ್ಯನದಿ. ‘ಪುಣ್ಯ’ ಜಾಗಕ್ಕೂ ಹೊತ್ತಿಗೂ ಸಲ್ಲುತ್ತದೆ. ವಸ್ತುವಿಗೆ ಹಚ್ಚಬೇಡಿ.

ಹುಬ್ಬಳ್ಳಿ, 2:10

ಪುಣ್ಯವೂ ಬೇಡ. ‘ಪುಣ್ಯತಿಥಿ’ ಅಂತ ಹಾಕಿ ಹಾಕಿ ಸತ್ತವರ ಪದ ಆಗಿದೆ.

ಪ್ರಯಾಗದಲ್ಲಿ 2025ರ ಕುಂಭಮೇಳಕ್ಕೆ ‘ಶಾಹಿ ಸ್ನಾನ’ ತೆಗೆದು ‘ಅಮೃತ ಸ್ನಾನ’ ಮಾಡಿದರಲ್ಲ, ಫಾರ್ಸಿ ಪದ ಅಂತ. ಆಗ ಇಲ್ಲಿ ಎಷ್ಟು ಜನ ಚಪ್ಪಾಳೆ ತಟ್ಟಿದಿರಿ! ಫಾರ್ಸಿ ತೆಗೆದರೆ ಸ್ವಾಭಿಮಾನ, ಸಂಸ್ಕೃತ ತೆಗೆಯೋಣ ಅಂದರೆ ಹಟಮಾರಿತನ. ಇದು ಯಾವ ನ್ಯಾಯ?

ಹಾವೇರಿ, 2:18

ನಾನು ಚಪ್ಪಾಳೆ ತಟ್ಟಿಲ್ಲ. ಶಾಹಿ ಇದ್ದಾಗ ನೀರೇನು ಕಡಿಮೆ ತಣ್ಣಗಿತ್ತಾ? ‘ನ್ಯಾಯ’ವೂ ಸಂಸ್ಕೃತ ಸರ್. ‘ಹಟ’ವೂ.

(ಇಲ್ಲಿಂದ ಹನ್ನೊಂದು ಮೇಲ್ ಫಾರ್ಸಿ, ಮರಾಠಿ, ದಫ್ತರ, ಕಚೇರಿ ಅಂತ ಹೋದವು. ನಡುವೆ ಒಬ್ಬರು ‘ಜನಿವಾರ ಒಂದೇ ಯಾಕೆ, ಶಿವದಾರದ ಫೋಟೋ ಎಲ್ಲಿ’ ಅಂತ ಕೇಳಿದರು. ಇನ್ನೊಬ್ಬರು ‘ಅದು ಹಿಂದೂ ಪಟ್ಟಿಯಲ್ಲಿ ಬರುತ್ತದೋ ಇಲ್ಲವೋ ಮೊದಲು ಇತ್ಯರ್ಥ ಮಾಡಿ’ ಅಂದರು. ಪಟ್ಟಿ ನೋಡಿಕೊಳ್ಳುವವರು ಬಂದು ಆ ದಾರಿ ಮುಚ್ಚಿದರು.)

ನವಲಗುಂದ, 3:25

ನಾನು ಇಲ್ಲಿ ಬರೆಯುವುದು ಕಡಿಮೆ. ಇಂಥ ಜಗಳ ಓದುವುದು ಜಾಸ್ತಿ.

ಹೆಸರು ಬದಲಾಗುತ್ತದೆ ಅಂತ ಹಾವೇರಿಯವರು ಹೇಳಿದರು. ಒಂದೊಂದು ಕಡೆ ಹೆಸರೂ ಬದಲಾಗುವುದಿಲ್ಲ. ನಮ್ಮಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಇದೆ. ಕುಂಬಾರರ ಮನೆಯಿಂದ ಒಂದು ಜೊತೆ ಮಣ್ಣೆತ್ತು ತರುತ್ತೇವೆ. ತರುವಾಗ ಚೌಕಾಸಿ ಮಾಡುತ್ತೇವೆ, ಕೊಂಬು ಸೊಟ್ಟ ಇದ್ದರೆ ಬದಲಿ ಕೇಳುತ್ತೇವೆ, ಚೀಲದಲ್ಲಿ ಬದನೆಕಾಯಿ ಮೇಲೆ ಇಟ್ಟುಕೊಂಡು ಬರುತ್ತೇವೆ. ಮನೆಯಲ್ಲಿ ಜಗಲಿ ಮೇಲೆ ಇಟ್ಟು ಕುಂಕುಮ ಹಚ್ಚಿ ಎಡೆ ಹಿಡಿದ ಮೇಲೆ ಮೊಮ್ಮಗ ಕಾಲು ತಾಗಿಸಿದರೆ ನಾನೇ ಗದರುತ್ತೇನೆ. ಅವನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಆಮೇಲೆ ಒಂದು ದಿನ ಬಾವಿಗೋ ಹಳ್ಳಕ್ಕೋ ಬಿಟ್ಟರೆ ಮತ್ತೆ ಮಣ್ಣು. ಅಷ್ಟೂ ದಿನ ಅದರ ಹೆಸರು ಎತ್ತೇ. ಗಣಪತಿಯೂ ಹಾಗೇ, ಖಂಡೇನವಮಿಗೆ ಪೂಜೆ ಮಾಡುವ ಟ್ರ್ಯಾಕ್ಟರೂ ಹಾಗೇ. ಮೇಡಂ ಹೇಳಿದ ಫ್ಲೆಕ್ಸ್ ಅಂಗಡಿಯ ಪ್ರಿಂಟರಿಗೂ ಕುಂಕುಮ ಇರುತ್ತದೆ, ಬೇಕಾದರೆ ಹೋದಾಗ ನೋಡಿ.

ಗಂಗೆಯ ವಿಷಯ. ನಮ್ಮ ಹೊಲದಲ್ಲಿ ಬೋರಿಗೆ ನೀರು ಬಿದ್ದ ದಿನ ಗಂಗವ್ವ ಬಂದಳು ಅಂದೆವು, ಉಡಿ ತುಂಬಿದೆವು. ಕೋರ್ಟು 2017ರಲ್ಲಿ ಹೇಳಿದ್ದು ನಮಗೆ ಹೊಸದಲ್ಲ. ‘ಗಂಗವ್ವ’ ಅಂತ ಬರೆದರೆ ವ್ಯಕ್ತಿ ಅಂತ ಬೇರೆ ಹೇಳುವುದು ಬೇಕಾ?

ತಲೆಬರಹಕ್ಕೆ ನಮ್ಮ ಮನೆಯ ಮಾತು ಕೊಡುತ್ತೇನೆ. ಹೊಸ ನೆಂಟಸ್ತನ ಬಂದಾಗ ‘ನೀವು ಯಾವ ದೇವರಿಗೆ ನಡಕೋತೀರಿ?’ ಅಂತ ಕೇಳುತ್ತೇವೆ. ನಂಬುತ್ತೀರಾ ಅಂತಲ್ಲ, ಭಾವಿಸುತ್ತೀರಾ ಅಂತಲ್ಲ. ನಡೆದುಕೊಳ್ಳುವುದು. ಯಲ್ಲಮ್ಮನಿಗೆ ನಡೆದುಕೊಳ್ಳುತ್ತೇವೆ, ವೆಂಕಪ್ಪನಿಗೆ ನಡೆದುಕೊಳ್ಳುತ್ತೇವೆ. ಅದನ್ನೇ ಹಾಕಿ.

ಗದಗ, 3:32

ಇದಕ್ಕೆ ನಾನು ಏನೂ ಸೇರಿಸುವುದಿಲ್ಲ.

ಹುಬ್ಬಳ್ಳಿ, 3:33

ನಡೆದುಕೊಳ್ಳು. ಅಚ್ಚಗನ್ನಡ. ಬೆಳಿಗ್ಗೆಯಿಂದ ಇದನ್ನೇ ಹೇಳುತ್ತಿದ್ದೆ.

ಹಾವೇರಿ, 3:36

ಎಲ್ಲಿ ಹೇಳಿದ್ದಿರಿ ಸರ್? ಮೇಲೆ ಹೋಗಿ ಹುಡುಕಿದೆ.

ಧಾರವಾಡ, ಸಂಜೆ 6:50

ಪ್ರಿಂಟ್ ಆಯಿತು. ಕೊನೆಗೆ ಹೋದದ್ದು ಇದು.

ತಲೆಬರಹ ‘ನಾವು ನಡೆದುಕೊಳ್ಳುವುದು ಯಾವುದಕ್ಕೆ?’ ‘ಹಿಂದೂಗಳು ಇಂದು’ ಅನ್ನೋದನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಇಟ್ಟೆ. ಭಂಡಾರ, ವಿಭೂತಿ, ಪತ್ರಿ, ಜನಿವಾರಕ್ಕೆ ಏನೂ ಹಚ್ಚಿಲ್ಲ. ‘ಗಂಗವ್ವ’ ಅಂದರೆ ಕಾಶಿಯ ಫೋಟೋದ ಪಕ್ಕ ನಮ್ಮ ಊರಿನ ಬಾವಿ ಅಂತ ತಿಳಿದಾರು ಅಂತ ‘ಗಂಗಾಮಾಯಿ’ ಮಾಡಿದೆ, ನವಲಗುಂದದವರು ಕ್ಷಮಿಸಬೇಕು. ಆಕಳಿಗೆ ‘ಆಕಳು: ಹೊಸ ಮನೆಗೆ ಮೊದಲು ಕಾಲಿಡುವವಳು.’ ಚಾಟಿಯ ಸಾಲು ಬಿಟ್ಟೆ. ಗೀತೆಗೆ ‘ಪವಿತ್ರ ಗ್ರಂಥ’ ಅಂತಲೇ ಉಳಿಸಿದೆ. ಅದು ಎಲ್ಲರ ಬಾಯಲ್ಲಿ ಕೂತಿದೆ, ಕೋರ್ಟಿನಲ್ಲಿ ಆಣೆ ಮಾಡುವ ಸಿನಿಮಾ ನೋಡಿದವರಿಗೂ ಗೊತ್ತು. ಒಂದಾದರೂ ಇರಲಿ ಪಾಪ. ಗದಗಿನ ಗುರುಗಳು ಅದನ್ನು ಜರಡಿ ಅಂತ ಓದಿಕೊಂಡರೂ ಅರ್ಥ ಕೆಡುವುದಿಲ್ಲ.

ಬನ್ನಿ ಗಿಡದ ಫಲಕಕ್ಕೆ ‘ದೇವರ ಗಿಡ’ ಅಂತ ಬರೆದುಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ಓದಿ, “ಅಕ್ಕಾರ, ಬನ್ನಿಗೆ ದೇವರು ಅಂತ ಯಾರಿಗೆ ಹೇಳಾಕತ್ತೀರಿ? ದಸರಾದಾಗ ಬಂಗಾರ ಅಂತ ಕೊಡೂದು ಅದನ್ನ ಅಲ್ರೀ,” ಅಂದ. ಅವನೇ ಟೈಪ್ ಮಾಡಿದ:

ಬನ್ನಿ ಕಟ್ಟಿ
ಚಪ್ಪಲಿ ಬಿಟ್ಟು ಬನ್ನಿ

ಎರಡು ಬನ್ನಿ ಒಂದರ ಕೆಳಗೊಂದು ಬಂದದ್ದು ಅವನಿಗೇ ಬಹಳ ಹಿಡಿಸಿತು, ಅಕ್ಷರ ಇನ್ನೂ ದೊಡ್ಡದು ಮಾಡಿದ. ಬಾಗಿ ಪ್ರಿಂಟರ್ ನೋಡಿದೆ. ಪಕ್ಕದ ಮುಚ್ಚಳದ ಮೇಲೆ ಮೂರು ಬೊಟ್ಟು ಕುಂಕುಮ, ನಡುವಿನದು ಇಂಕಿನ ಕೈ ತಾಗಿ ನೀಲಿಯಾಗಿತ್ತು.

ಗದಗ, 7:05

ಬನ್ನಿ ಬಂದದ್ದು ‘ವಹ್ನಿ’ಯಿಂದ. ಶಮಿಯೊಳಗೆ ಬೆಂಕಿ ಇದೆ ಅನ್ನೋ ನಂಬಿಕೆ.

ಹುಬ್ಬಳ್ಳಿ, 7:09

ತಮಿಳಿನಲ್ಲಿ ‘ವನ್ನಿ’. ನಮ್ಮದೇ ಪದ. ಬೆಂಕಿ ನಂದಿಸಿ.

ಹುಬ್ಬಳ್ಳಿ, 7:11

ಇನ್ನೊಂದು. ಫಲಕದಲ್ಲಿ ‘ಕಟ್ಟಿ’ ತಪ್ಪು. ‘ಕಟ್ಟೆ’ ಆಗಬೇಕು.

ನವಲಗುಂದ, 7:14

ನಿಮ್ಮ ಮನಿಯಾಗ ಯಾರರೆ ‘ಕಟ್ಟೆ’ ಅಂತಾರೇನ್ರೀ?